ಎರಡು ಜಗ್ ನೀರು

ನಮ್ಮ ಮನೆಯ ಬಾಗಿಲ ಪಕ್ಕದ ಗೋಡೆಯಲ್ಲಿ ಎರಡು ಮೊಳೆಗಳಿವೆ. ಕಾರಿನ ಕೀಲಿ ಬಲಮೊಳೆಯಲ್ಲಿದ್ದರೆ ಗಾಡಿ ಸಿದ್ಧ. ನೀರು, ಎಣ್ಣೆ, ಗಾಳಿ, ದೀಪ ಎಲ್ಲ ನೋಡಿ ಆಗಿದೆ ಎಂದರ್ಥ. ಎಡಮೊಳೆಯಲ್ಲಿದ್ದರೆ ಇನ್ನೂ ನೋಡಿಲ್ಲ ಎಂದು. ಇದು ಮಾವನ ಏರ್ಪಾಡು. ಅವರು ಮೂವತ್ತೊಂದು ವರ್ಷ ಬಸ್ಸು ಓಡಿಸಿದವರು. ನಿವೃತ್ತಿಯಾದ ಮೇಲೆ ಮಗನ ಕಾರಿಗೆ ತಾವೇ ಡಿಪೋ ಆದರು. ಮಗ ಸಂಜೆ ಆಫೀಸಿನಿಂದ ಬಂದು ಕೀಲಿಯನ್ನು ಎಡಕ್ಕೆ ಹಾಕುತ್ತಿದ್ದ. ಮಾವ ಟೀ ಕುಡಿದು, ಬಾನೆಟ್ ಎತ್ತಿ, ಒಂದೊಂದೇ ನೋಡಿ, ಕೀಲಿಯನ್ನು ಬಲಕ್ಕೆ ಹಾಕುತ್ತಿದ್ದರು. "ಟ್ರಾನ್ಸ್‌ಫರ್ ಆರ್ಡರ್ ಆಯ್ತಾ ಅಪ್ಪ?" ಎಂದು ನನ್ನ ಗಂಡ ಒಳಗಿನಿಂದ ಕೂಗುತ್ತಿದ್ದ.

ಅವನು ಹೋದ ದಿನ ಬೆಳಿಗ್ಗೆ ಕೀಲಿ ಬಲಮೊಳೆಯಲ್ಲೇ ಇತ್ತು. ಅವನು ಅದನ್ನು ತೆಗೆದುಕೊಂಡಿದ್ದನ್ನು ನಾನು ನೋಡಿದ್ದೇನೆ.

ಉಳಿದದ್ದನ್ನು ಆ ದಿನ ಅವನ ಪಕ್ಕದ ಸೀಟಿನಲ್ಲಿದ್ದ ಸಹೋದ್ಯೋಗಿ ಬಂದು ಹೇಳಿದರು. ವಾರವೆಲ್ಲ ಮಳೆ. ದಾರಿಯಲ್ಲಿ ರಸ್ತೆ ಅಗೆದಿದ್ದರು. ಎದುರಿನ ಲಾರಿ ಗಾಜಿನ ತುಂಬ ಕೆಂಪು ಕೆಸರು ಎರಚಿ ಹೋಯಿತು. ವೈಪರ್ ಹಾಕಿದರೆ ಅದು ಕೆಸರನ್ನು ಆಚೆಯಿಂದ ಈಚೆಗೆ ಸಾರಿಸಿತು. ನೀರು ಚಿಮ್ಮಿಸಲು ಲಿವರ್ ಎಳೆದ. ನೀರು ಬರಲಿಲ್ಲ. ಗಾಡಿಯನ್ನು ಅಂಚಿಗೆ ನಿಲ್ಲಿಸಿ, ಕುಡಿಯುವ ನೀರಿನ ಬಾಟಲಿಯನ್ನೂ ಒಂದು ಬಟ್ಟೆಯನ್ನೂ ತೆಗೆದುಕೊಂಡು ಇಳಿದ. ಒರೆಸುತ್ತಿದ್ದಾಗ ಹಿಂದಿನಿಂದ ಬಂದ ವ್ಯಾನು ಅವನನ್ನು ಹೊಡೆದುಕೊಂಡು ಹೋಯಿತು. ಕಾರಿಗೆ ಒಂದು ಗೀರೂ ಆಗಲಿಲ್ಲ. ಗಾಜಿನ ಅರ್ಧ ಭಾಗ ಸ್ವಚ್ಛವಾಗಿತ್ತು.

ಸಹೋದ್ಯೋಗಿ ಹೇಳಿ ಮುಗಿಸಿದಾಗ ಅತ್ತೆ ಮಾವನ ಕಡೆ ತಿರುಗಿದರು.

"ನೀರು ತುಂಬಿದ್ರಾ?"

"ತುಂಬಿದ್ದೆ" ಎಂದರು ಮಾವ. "ಹಿಂದಿನ ದಿನ ಸಂಜೆ. ಎರಡು ಜಗ್ ಹಿಡೀತು."

"ಎರಡು ಜಗ್ಗಂತೆ!" ಅತ್ತೆ ಅದನ್ನು ಗೋಡೆಗೆ ಹೇಳಿದರು. "ದಿನಾ ಅರ್ಧ ಜಗ್ ಹಾಕಿ ಮಿಕ್ಕಿದ್ದನ್ನ ಗಿಡಕ್ಕೆ ಸುರಿಯೋರು. ಯಾವತ್ತು ಹಿಡಿದಿತ್ತು ಅದಕ್ಕೆ ಎರಡು ಜಗ್? ಅದೇನು ಕಾರೋ ಎಮ್ಮೆಯೋ?"

ಅವರ ಮಾತು ಸುಳ್ಳಲ್ಲ. ಅಡುಗೆಮನೆಯ ಕೆಂಪು ಜಗ್ಗಿನಲ್ಲಿ ಅರ್ಧಕ್ಕಿಂತ ಹೆಚ್ಚು ಆ ಟ್ಯಾಂಕು ಹಿಡಿದದ್ದನ್ನು ಯಾರೂ ನೋಡಿರಲಿಲ್ಲ. ಆ ಸಂಜೆ ಮಾವ ಬಾನೆಟ್ ಎತ್ತಿದ್ದನ್ನೂ ಯಾರೂ ನೋಡಿರಲಿಲ್ಲ. ನಾನು ಒಳಗೆ ಬಟ್ಟೆ ಮಡಚುತ್ತಿದ್ದೆ.

ಅಂದಿನಿಂದ ಅತ್ತೆ ಮಾವನ ಜೊತೆ ನೇರವಾಗಿ ಮಾತಾಡಿಲ್ಲ. ಎಂಟು ತಿಂಗಳು. ಮಾತೆಲ್ಲ ನನ್ನ ಮೂಲಕ.

"ನಿನ್ನ ಮಾವನಿಗೆ ಹೇಳು, ಟೀ ಆರ್ತಿದೆ."

ಮಾವ ಅಲ್ಲೇ, ಕೈಚಾಚಿದರೆ ಸಿಗುವಷ್ಟು ದೂರದಲ್ಲಿ ಕೂತಿರುತ್ತಾರೆ.

"ಕೇಳಿಸ್ತು ಅಂತ ಹೇಳಮ್ಮ."

"ಕೇಳಿಸ್ತಂತೆ ಅತ್ತೆ."

"ಕಿವಿ ಒಂದು ನೆಟ್ಟಗಿದೆ ಅಂತ ಹೇಳು."

ನಾನು ಆ ಮನೆಯ ಅಂಚೆ ಕಚೇರಿ. ಬೇರೆ ಕೆಲಸ ನನ್ನಿಂದ ಆಗುತ್ತಲೂ ಇರಲಿಲ್ಲ. ಬಂದ ಕಾಗದವನ್ನು ಆ ಕಡೆ ಕೊಡುವುದಕ್ಕೆ ಅದರಲ್ಲಿ ಏನಿದೆ ಎಂದು ತಿಳಿಯಬೇಕಿಲ್ಲ.

ಮೊದಲ ತಿಂಗಳು ಮಾವ ವಾದಿಸಿದರು. ಮೂರನೇ ತಿಂಗಳಿಗೆ "ಬೇರೆ ದಿನದ್ದೇನೋ" ಎಂದರು. ಐದನೇ ತಿಂಗಳಲ್ಲಿ ಒಂದು ಮಧ್ಯಾಹ್ನ, ಅತ್ತೆ ಸ್ನಾನಕ್ಕೆ ಹೋಗಿದ್ದಾಗ, ನನ್ನ ಹತ್ತಿರ ಬಂದು ತಮ್ಮ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು.

"ಕೀಲಿ ಒಂದನ್ನೇ ಬದಲಾಯಿಸಿದ್ನೇನೋ ಕಣಮ್ಮ. ಇಪ್ಪತ್ತು ಸಾವಿರ ಸಲ ಮಾಡಿರೋ ಕೈ. ಅದಕ್ಕೆ ನನ್ನ ಕೇಳ್ಬೇಕು ಅಂತೇನೂ ಇಲ್ಲ."

ಅವರು ಲೈಸೆನ್ಸನ್ನು ಪೆಟ್ಟಿಗೆಯ ತಳಕ್ಕೆ ಹಾಕಿದರು. ಬಾನೆಟ್ ಮುಟ್ಟಲಿಲ್ಲ. ಬ್ಯಾಟರಿ ಸಾಯಬಾರದೆಂದು ಭಾನುವಾರಕ್ಕೊಮ್ಮೆ ನಾನೇ ಎಂಜಿನ್ ಚಾಲು ಮಾಡಿ ಹತ್ತು ನಿಮಿಷ ಕೂತಿದ್ದು ಬರುತ್ತಿದ್ದೆ. ಗಾಡಿ ನಿಂತಲ್ಲಿಂದ ಅಲುಗಿರಲಿಲ್ಲ. ಕೀಲಿ ಎಡಮೊಳೆಯಲ್ಲಿ.

ಈ ತಿಂಗಳು ನನಗೆ ಕೆಲಸ ಸಿಕ್ಕಿತು. ನಾನು ಎಂಎಸ್ಸಿಯಲ್ಲಿ ಓದಿದ್ದು ರಸಾಯನಶಾಸ್ತ್ರ. ನಲವತ್ತು ಕಿಲೋಮೀಟರ್ ದೂರದ ಮಣ್ಣು ಮತ್ತು ನೀರಿನ ಪರೀಕ್ಷಾ ಕೇಂದ್ರ, ಬೆಳಿಗ್ಗೆ ಏಳಕ್ಕೆ ಹಾಜರಿ. ಆ ಹೊತ್ತಿಗೆ ಬಸ್ಸಿಲ್ಲ. ಸೋಮವಾರದಿಂದ ಹೋಗಬೇಕು. ಕಾರು ಓಡಿಸಲು ನನಗೆ ಅವನೇ ಕಲಿಸಿದ್ದ.

ಬುಧವಾರ ಸಂಜೆ ಕಾರು ತೊಳೆಯಲು ಹೋದೆ. ಹೊರಗಿನ ಗಾಜು ಒರೆಸಿ, ಒಳಗೆ ಕೂತು, ಲಿವರ್ ಎಳೆದೆ. ಅದನ್ನು ಎಳೆಯಬಾರದು ಎಂದು ನನಗೆ ಯಾರೂ ಹೇಳಿರಲಿಲ್ಲ. ಆದರೂ ಎಂಟು ತಿಂಗಳು ಎಳೆದಿರಲಿಲ್ಲ. ಒಳಗೆಲ್ಲೋ ಮೋಟಾರು ಗುಂಯ್ ಎಂದಿತು. ನೀರು ಬರಲಿಲ್ಲ.

ಕೆಂಪು ಜಗ್ ತಂದೆ. ಟ್ಯಾಂಕು ಚಕ್ರದ ಹಿಂದೆ, ಕೆಳಗೆ ಅಡಗಿದೆ. ಮೇಲಿನಿಂದ ಕಾಣುವುದು ನೀಲಿ ಮುಚ್ಚಳ ಮತ್ತು ಒಂದು ಕತ್ತು ಅಷ್ಟೇ. ಒಂದು ಜಗ್ ಸುರಿದೆ. ಕತ್ತಿನಲ್ಲಿ ಬರೀ ಕತ್ತಲೆ. ಇನ್ನೊಂದು ತಂದು ಸುರಿದೆ. ಜಗ್ ಖಾಲಿಯಾಗುವ ಹೊತ್ತಿಗೆ ಕತ್ತಿನಲ್ಲಿ ನೀರು ಹೊಳೆಯಿತು.

ಎರಡು ಜಗ್.

ಪೂರ್ತಿ ಬರಿದಾದ ಟ್ಯಾಂಕು ಎರಡು ಜಗ್ ಹಿಡಿಯುತ್ತದೆ ಎಂದು ಎಂಟು ತಿಂಗಳಲ್ಲಿ ಯಾರೂ ಅಳೆದು ನೋಡಿರಲಿಲ್ಲ. ಪ್ರಯೋಗಾಲಯದಲ್ಲಿ ಎರಡು ವರ್ಷ ಕಳೆದ ನಾನೂ.

ಗುರುವಾರ ಬೆಳಿಗ್ಗೆ ಎದ್ದ ಕೂಡಲೇ ಹೋಗಿ ನೋಡಿದೆ. ಕತ್ತಿನಲ್ಲಿ ನೀರಿರಲಿಲ್ಲ. ಎಡ ಮುಂಚಕ್ರದ ಕೆಳಗೆ ಒಣ ನೆಲ ಒಂದು ತಟ್ಟೆಯಗಲ ಒದ್ದೆಯಾಗಿತ್ತು. ಮತ್ತೆ ಸುರಿದೆ. ಮತ್ತೆ ಎರಡು ಜಗ್.

ಮಾವ ಮೆಟ್ಟಿಲ ಮೇಲೆ ಪೇಪರ್ ಓದುತ್ತಿದ್ದರು. ಹೋಗಿ ಹೇಳಿದೆ.

ಅವರು ಪೇಪರ್ ಇಳಿಸಲಿಲ್ಲ.

"ಸೋರ್ತಿದೆಯಾ?"

"ಹೌದು ಮಾವ. ಒಂದೇ ರಾತ್ರೀಲಿ ಖಾಲಿ. ನೀವು ಹಿಂದಿನ ಸಂಜೆ ತುಂಬಿದ್ರೂ, ಬೆಳಿಗ್ಗೆ ಅವನು ಹೊರಡೋ ಹೊತ್ತಿಗೆ..."

"ನಿಲ್ಲು." ಈಗ ಪೇಪರ್ ಇಳಿಸಿದರು. "ಈಗ ಸೋರ್ತಿದೆ. ಆಗ ಸೋರ್ತಿತ್ತು ಅಂತ ಯಾರು ಹೇಳ್ದೋರು? ಎಂಟು ತಿಂಗಳು ಬಿಸಿಲಲ್ಲಿ ನಿಂತ ಗಾಡಿ. ರಬ್ಬರು ಒಣಗಿರುತ್ತೆ. ನನಗೆ ಬೇಕು ಅಂತ ನೀನು ಲೆಕ್ಕ ಕೂಡಿಸ್ಬೇಡ."

ಒಳಗೆ ಹೊಲಿಗೆ ಯಂತ್ರ ನಡೆಯುತ್ತಿತ್ತು. ಅತ್ತೆ ಅಂಗಡಿಯೊಂದಕ್ಕೆ ಶರ್ಟಿನ ಕಾಲರು ಹೊಲಿದು ಕೊಡುತ್ತಾರೆ. ಕಿಟಕಿ ಕಾರಿನ ಕಡೆಗೇ ಇದೆ. ಅವರು ಆ ಕಡೆ ನೋಡದ ಹಾಗೆ ಕುರ್ಚಿ ತಿರುಗಿಸಿಕೊಂಡಿದ್ದರು.

"ಹಾಗಾದ್ರೆ ಬಿಚ್ಚಿ ನೋಡೋಣ" ಎಂದೆ.

ಮಾವ, "ಹತ್ತು-ಹನ್ನೊಂದಕ್ಕೆ ಫೋನ್ ಮಾಡ್ತೀನಿ" ಎಂದರು.

ಹತ್ತು-ಹನ್ನೊಂದು ಎಂದರೆ ಹೊತ್ತಲ್ಲ, ಮನುಷ್ಯ. ಮಾವನ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು. ಹತ್ತು-ಹನ್ನೊಂದು ನಂಬರಿನ ಸ್ಪ್ಯಾನರನ್ನು ಅವರಷ್ಟು ಸಲ ಕಳೆದುಕೊಂಡವರು ಇಲ್ಲವಂತೆ. ಕೊನೆಗೆ ಅದೇ ಹೆಸರಾಯಿತು. ಶನಿವಾರ ಬೆಳಿಗ್ಗೆ ಹೆಗಲಿಗೆ ಚೀಲ ಹಾಕಿಕೊಂಡು ಬಂದರು. ಸಾವಿನ ಮನೆಗೆ ಬಂದವರ ಮುಖ ಮಾಡಲಿಲ್ಲ. ಅದಕ್ಕೇ ಅವರು ನನಗೆ ಹಿಡಿಸಿದರು.

"ಏನಯ್ಯಾ, ಅಲ್ಲೇ ಕೂತು ಟಿಕೆಟ್ ಹರೀತೀಯೋ, ಇಲ್ಲ ಬಂದು ಜ್ಯಾಕ್ ಹಾಕ್ತೀಯೋ?"

"ನೀನು ನೋಡು. ನಾನು ಮುಟ್ಟಲ್ಲ" ಎಂದರು ಮಾವ ಮೆಟ್ಟಿಲಿನಿಂದ.

"ಮುಟ್ಬೇಡ, ಮಡಿಯಲ್ಲಿರು." ನನ್ನ ಕಡೆ ತಿರುಗಿ, "ಬಾಮ್ಮ ಎಂಎಸ್ಸಿ. ಚಕ್ರದ ನಟ್ಟು ಎಡಕ್ಕೆ ತಿರುಗಿಸಿದ್ರೆ ಬಿಚ್ಚುತ್ತೆ. ಯೂನಿವರ್ಸಿಟೀಲಿ ಇದೊಂದು ಬಿಟ್ಟು ಎಲ್ಲಾ ಹೇಳ್ಕೊಟ್ಟಿರ್ತಾರೆ."

ಬಿಚ್ಚಿದೆ. ಸ್ಪ್ಯಾನರಿನ ಮೇಲೆ ನಿಂತು ಒತ್ತಬೇಕಾಯಿತು. ಚಕ್ರ ತೆಗೆದು ಪಕ್ಕಕ್ಕೆ ಮಲಗಿಸಿದೆವು. ಅದರ ಹಿಂದೆ ಕಪ್ಪು ಪ್ಲಾಸ್ಟಿಕ್ಕಿನ ತೆಳು ತಡಿಕೆ. ಅದಕ್ಕೆ ಹನ್ನೊಂದು ಸ್ಕ್ರೂ. ಒಂದೊಂದಾಗಿ ತೆಗೆದು ಜಗ್ಗಿನೊಳಗೆ ಹಾಕುತ್ತ ಹೋದೆ. ಪ್ಲಾಸ್ಟಿಕ್ ಈಚೆ ಬಂದಾಗ ಒಣಗಿದ ಕೆಂಪು ಕೆಸರು ಹಕ್ಕಳೆ ಹಕ್ಕಳೆಯಾಗಿ ನನ್ನ ಮಡಿಲಿಗೆ ಬಿತ್ತು.

ನಾನು ಅದನ್ನು ಝಾಡಿಸಲಿಲ್ಲ. ಹೊರಗೆಲ್ಲ ತೊಳೆದಾಗಿತ್ತು, ಒಳಗೆ ಆ ದಿನದ ರಸ್ತೆ ಹಾಗೇ ಉಳಿದಿತ್ತು.

"ಟಾರ್ಚ್ ಹಿಡಿ."

ಟ್ಯಾಂಕು ಮಾಸಿದ ಹಾಲುಬಣ್ಣದ ಪೆಟ್ಟಿಗೆ. ಅದರ ತಳದ ಬದಿಯಲ್ಲಿ ಒಂದು ತೂತು, ತೂತಿಗೆ ರಬ್ಬರಿನ ಬಳೆ, ಬಳೆಯೊಳಗೆ ಮೋಟಾರಿನ ಮೂತಿ ಸಿಕ್ಕಿಸಿದೆ. ಆ ಬಳೆಯ ಕೆಳಗಿನಿಂದ ಒಂದು ಬಿಳಿ ಗೆರೆ ಇಳಿದು, ಕೆಳಗೆ ಬರುತ್ತ ಅಗಲವಾಗಿತ್ತು. ನಾನು ಉಗುರಿನಿಂದ ಕೆರೆದೆ. ಸುಣ್ಣ. ನಮ್ಮ ನಲ್ಲಿಯ ನೀರು ಗಡಸು. ನೀರು ಕಾಯಿಸುವ ಪಾತ್ರೆಯ ತಳ ನಾಲ್ಕು ದಿನಕ್ಕೆ ಬೆಳ್ಳಗಾಗುತ್ತದೆ. ನೀರು ಹರಿದು ಒಣಗಿದಲ್ಲೆಲ್ಲ ಅದು ತನ್ನ ಗುರುತು ಬಿಟ್ಟು ಹೋಗುತ್ತದೆ.

"ಇದು ಈ ವಾರದ್ದೂ ಇರ್ಬಹುದಲ್ಲ" ಎಂದೆ. ಮಾವನ ಮಾತು ನನ್ನ ಬಾಯಿಂದ ಬಂದಿತ್ತು.

ಹತ್ತು-ಹನ್ನೊಂದು ಕನ್ನಡಕವನ್ನು ಹಣೆಗೇರಿಸಿ, ಮೂಗು ತಾಗುವಷ್ಟು ಬಗ್ಗಿದರು.

"ಇಲ್ಲಿ ನೋಡು. ಗೆರೆ ಅಂಚಿಗೆ. ಬಿಳೀದರ ಮೇಲೆ ಕೆಸರಿನ ಚುಕ್ಕಿ ಕೂತಿದೆ. ಕೆಸರಿನ ಮೇಲೆ ಬಿಳೀದಲ್ಲ, ಬಿಳೀದರ ಮೇಲೆ ಕೆಸರು. ಮೊದಲು ನೀರು, ಆಮೇಲೆ ಕೆಸರು. ಈ ಗಾಡಿ ಕೆಸರು ಕಂಡು ಎಷ್ಟು ದಿನ ಆಯ್ತು?"

"ಎಂಟು ತಿಂಗಳು."

"ಹಾಗಾದ್ರೆ ಅದಕ್ಕೂ ಮುಂಚೇನೇ ಸೋರ್ತಿತ್ತು. ನನ್ನ ಕೇಳ್ಬೇಡ, ಕೆಸರನ್ನೇ ಕೇಳು."

ಹಿಂದೆ ಮೆಟ್ಟಿಲ ಮೇಲೆ ಪೇಪರ್ ಮಡಚಿದ ಸದ್ದಾಯಿತು. ಮಾವ ಬಂದು ನನ್ನ ಕೈಯಿಂದ ಟಾರ್ಚ್ ತೆಗೆದುಕೊಂಡರು. ಅವರು ಬಗ್ಗಿ ನೋಡುತ್ತಿದ್ದಾಗ ಬೆಳಕು ಬಿಳಿ ಗೆರೆಯ ಮೇಲೆ ಮೇಲಿನಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ ಓಡಾಡಿತು.

"ಎರಡು ಜಗ್ ಹಿಡಿದಿತ್ತು" ಎಂದರು. ಯಾರಿಗೂ ಅಲ್ಲ. "ಹಿಡಿದಿತ್ತು ನೋಡು. ನಾನು ಹಾಕಿದ್ದೆ."

ಆಮೇಲೆ ಅವರ ಮುಖ ಬದಲಾಯಿತು.

"ಹೊಸ ಡ್ರೈವರುಗಳಿಗೆಲ್ಲ ನಾನೇ ಹೇಳ್ತಿದ್ದೆ. ಗಾಡಿ ನೀರು ಕುಡೀತಿದೆ ಅಂದ್ರೆ ಅದಕ್ಕೆ ಬಾಯಾರಿಕೆ ಅಲ್ಲ ಕಣ್ರೋ, ತೂತು ಅಂತ. ಆವತ್ತು ಎರಡು ಜಗ್ ಹಿಡಿದಾಗ ಏನಂದ್ಕೊಂಡೆ ಗೊತ್ತಾ? ರಸ್ತೇಲಿ ಕೆಸರು ಜಾಸ್ತಿ, ಹುಡುಗ ಜಾಸ್ತಿ ಬಳಸಿದ್ದಾನೆ ಅಂದ್ಕೊಂಡೆ. ನೆಲ ನೋಡಿದ್ರೆ ಗೊತ್ತಾಗ್ತಿತ್ತು. ನೆಲವೆಲ್ಲ ಮಳೇಲಿ ಒದ್ದೆ."

"ಸಾಕು ಸುಮ್ನಿರಯ್ಯ" ಎಂದರು ಹತ್ತು-ಹನ್ನೊಂದು. ಮೋಟಾರನ್ನು ಅಲುಗಿಸಿ ಹೊರಗೆಳೆದರು. ರಬ್ಬರಿನ ಬಳೆಯೂ ಅದರ ಜೊತೆಯೇ ಬಂತು. ಗಟ್ಟಿಯಾಗಿ, ಬಿರುಕು ಬಿಟ್ಟು, ಸುತ್ತ ಏನೋ ಹಳದಿ ಮೆತ್ತಿಕೊಂಡಿತ್ತು.

"ಅಯ್ಯೋ ಇವನ! ಗಮ್ ಹಾಕಿದ್ದಾನೆ! ಹೊಸ ಮೋಟಾರಿಗೆ ಹಳೇ ರಬ್ಬರು ಸಿಗಿಸಿ, ಮೇಲೆ ಗಮ್ ಬಳಿದಿದ್ದಾನೆ! ನೀರು ಗಮ್ಮಿಗೆ ಹೆದರುತ್ತಾ? ನಾಲ್ಕು ದಿನ ಹನಿ ಹನಿ ಬಿಟ್ಟು ಆಮೇಲೆ ಪೂರ್ತಿ ಬಾಯ್ಬಿಟ್ಟಿರುತ್ತೆ! ಯಾವನಯ್ಯಾ ಇದು, ಅವನ ಕೈ..."

ಅಲ್ಲಿಗೆ ನಿಲ್ಲಿಸಿದರು. ನಾನು ಮತ್ತು ಮಾವ ಅವರನ್ನೇ ನೋಡುತ್ತಿದ್ದೆವು.

"ನಿಮ್ಮ ಹುಡುಗನಾ?" ಎಂದು ಮೆಲ್ಲಗೆ ಕೇಳಿದರು.

"ಹೌದು" ಎಂದೆ.

ಅವರು ರಬ್ಬರನ್ನು ಅಂಗೈಯಲ್ಲಿಟ್ಟುಕೊಂಡು ಬೆರಳಿನಿಂದ ಸವರಿದರು. "ಸದ್ಯಕ್ಕೆ ಅಂತ ಮಾಡಿರ್ತಾನೆ ಬಿಡು. ಎಲ್ಲರೂ ಮಾಡ್ತೀವಿ. ನಾನು ಒಂದು ಬಸ್ಸಿಗೆ ಸದ್ಯಕ್ಕೆ ಅಂತ ಕಟ್ಟಿದ ತಂತಿ ಹನ್ನೆರಡು ವರ್ಷ ಇತ್ತು."

ಸದ್ಯಕ್ಕೆ. ಆ ಪದ ಕಿವಿಗೆ ಬಿದ್ದಾಗ ನನಗೆ ಆ ಭಾನುವಾರ ನೆನಪಾಯಿತು. ಮರೆತಿರಲಿಲ್ಲ, ಆ ಕಡೆ ತಿರುಗಿರಲಿಲ್ಲ ಅಷ್ಟೇ.

ಅವನು ಹೋಗುವುದಕ್ಕೆ ಒಂಬತ್ತು ದಿನ ಮುಂಚೆ ಮೋಟಾರು ಕೆಟ್ಟಿತ್ತು. ಹೊಸದು ತಂದು ತಾನೇ ಹಾಕುತ್ತಿದ್ದ. ನಾನು ಹೀಗೆಯೇ ಟಾರ್ಚ್ ಹಿಡಿದಿದ್ದೆ. ಹೊಸ ಮೋಟಾರಿನ ಜೊತೆ ಬಂದ ರಬ್ಬರು ತೂತಿಗೆ ದೊಡ್ಡದಾಯಿತು. ಹಳೆಯದನ್ನೇ ಗಮ್ ಹಚ್ಚಿ ಕೂರಿಸಿದ. "ಸದ್ಯಕ್ಕೆ ನಡೀಲಿ" ಎಂದ. ದೊಡ್ಡ ರಬ್ಬರನ್ನು ಒಂದು ಕಾಗದದಲ್ಲಿ ಸುತ್ತಿ, ಮೇಲೆ ಏನೋ ಬರೆದು ನನ್ನ ಕೈಗೆ ಕೊಟ್ಟ. "ನೀನು ಇಳಿಯೋ ಸ್ಟಾಪಿನ ಎದುರಿಗೇ ಅಂಗಡಿ. ಬದಲಾಯಿಸ್ಕೊಂಡು ಬಾ. ನನ್ನನ್ನ ಅಂಗಡಿಗೆ ಕಳಿಸಿದ್ರೆ ನಾನು ಅಂಗಡೀನೇ ಹೊತ್ಕೊಂಡು ಬರ್ತೀನಿ, ಗೊತ್ತಲ್ಲ." ನಾನು ಆಗ ವಾರಕ್ಕೆ ಮೂರು ದಿನ ಟ್ಯೂಷನ್ ಹೇಳಲು ಆ ಕಡೆ ಹೋಗುತ್ತಿದ್ದೆ.

ಆ ಒಂಬತ್ತು ದಿನಗಳಲ್ಲಿ ನಾಲ್ಕು ಸಲ ಆ ಅಂಗಡಿಯ ಎದುರು ಬಸ್ಸಿಳಿದೆ. ಮಳೆ ಬರುತ್ತಿತ್ತು. ರಸ್ತೆ ದಾಟಬೇಕಿತ್ತು. ನಾಳೆ ಎಂದುಕೊಂಡೆ.

ಒಳಗೆ ಹೋದೆ. ಬಾಗಿಲ ಹಿಂದೆ ಆಗಿನ ಕೈಚೀಲ ನೇತಾಡುತ್ತಿತ್ತು. ಪಕ್ಕದ ಜೇಬಿನ ಜಿಪ್ ಎಳೆದೆ. ಪೊಟ್ಟಣ ಅಲ್ಲೇ ಇತ್ತು. ಕಾಗದದ ಮೇಲೆ ಅವನ ಅಕ್ಷರ, ಎಂದಿನಂತೆ ಓಡುತ್ತ ಓಡುತ್ತ ಬರೆದದ್ದು: "ಇದಕ್ಕಿಂತ ಒಂದು ಸೈಜ್ ಚಿಕ್ಕದು. ಮರೀಬೇಡ ಕತ್ತೆ."

ಹೊರಗೆ ತಂದು ಮಾವನ ಕೈಗೆ ಕೊಟ್ಟೆ. ಏನಾಯಿತು ಎಂದು ಹೇಳಿದೆ. ನಾಲ್ಕೇ ವಾಕ್ಯ ಸಾಕಾಯಿತು.

ಹತ್ತು-ಹನ್ನೊಂದು ತಮ್ಮ ಚೀಲದಲ್ಲಿ ಏನೋ ಹುಡುಕುವುದರಲ್ಲಿ ಮುಳುಗಿದರು. ಮಾವ ಕಾಗದವನ್ನು ಓದಿದರು. ಮಗನ ಅಕ್ಷರದ ಮೇಲೆ ಹೆಬ್ಬೆರಳು ಇಟ್ಟರು, ಒದ್ದೆಯಾಗುತ್ತದೇನೋ ಎಂದು ಕೂಡಲೇ ತೆಗೆದರು.

"ಕತ್ತೆ ಅಂತಿದ್ನಾ ನಿನ್ನ?"

"ಪ್ರೀತಿ ಬಂದಾಗ."

ಅವರು ತಲೆಯಾಡಿಸಿದರು. ಕಿಟಕಿಯ ಕಡೆ ನೋಡಿದರು. ಯಂತ್ರ ನಡೆಯುತ್ತಲೇ ಇತ್ತು. ದನಿ ತಗ್ಗಿಸಿದರು.

"ಇದನ್ನ ಒಳಗೆ ಹೇಳ್ಬೇಡ ಕಣಮ್ಮ."

"ಯಾಕೆ ಮಾವ?"

"ಏನಂತ ಹೇಳ್ತೀಯ? ಮಗ ಗಮ್ ಹಾಕ್ದ ಅಂತಲೋ? ಸೊಸೆ ರಬ್ಬರ್ ತರ್ಲಿಲ್ಲ ಅಂತಲೋ? ಅವಳು ಊಟ ಇಲ್ದೆ ಇದ್ದಾಳು, ಸಿಟ್ಟಿಲ್ದೆ ಇರಲ್ಲ. ಆ ಸಿಟ್ಟು ಯಾರ ಮೇಲಾದ್ರೂ ಇರ್ಲೇಬೇಕು. ನನ್ನ ಮೇಲಿದೆ, ಇರ್ಲಿ. ನನ್ನ ಬೆನ್ನು ಅಗಲ. ನನಗೆ ಗೊತ್ತಾಯ್ತಲ್ಲ ನಾನು ತುಂಬಿದ್ದೆ ಅಂತ. ಅಷ್ಟು ಸಾಕು."

ಅವರು ನಿಜಕ್ಕೂ ಹಾಗೆಯೇ ಅಂದುಕೊಂಡಿದ್ದರು. ಅದು ತ್ಯಾಗದ ಮಾತಿನ ಹಾಗೆ ಇರಲಿಲ್ಲ. ಭಾರದ ಮೂಟೆಯನ್ನು ಬಸ್ಸಿನ ಮೇಲೆ ಎಲ್ಲಿಡಬೇಕು ಎಂದು ಹೇಳುವವರ ಹಾಗೆ ಹೇಳಿದರು.

ನಾನು ಪೊಟ್ಟಣ ತೆಗೆದುಕೊಂಡು ಅಂಗಡಿಗೆ ಹೊರಟೆ.

ಬಸ್ಸು ಅದೇ ಸ್ಟಾಪಿನಲ್ಲಿ ಇಳಿಸಿತು. ರಸ್ತೆ ದಾಟಿದೆ. ಹದಿನೇಳು ಹೆಜ್ಜೆ. ಅಂಗಡಿಯವರು ಪೊಟ್ಟಣ ಬಿಚ್ಚಿ, ರಬ್ಬರನ್ನು ಬೆಳಕಿಗೆ ಹಿಡಿದು, ಚೀಟಿ ಓದಿ, ನಕ್ಕರು.

"ಮರೀಲಿಲ್ಲ ತಾನೇ?"

"ಇಲ್ಲ" ಎಂದೆ.

ಹಿಂದಿನ ಗೋಡೆಯಲ್ಲಿ ಸಣ್ಣ ಸಣ್ಣ ಡಬ್ಬಿಗಳು. ನೋಡದೆಯೇ ಒಂದರೊಳಗೆ ಕೈಹಾಕಿ ಇನ್ನೊಂದು ಬಳೆ ತೆಗೆದು ಕೌಂಟರಿನ ಮೇಲಿಟ್ಟರು. "ಇದೇ. ಇನ್ನೇನು?"

ಇನ್ನೇನೂ ಇರಲಿಲ್ಲ. ಎರಡು ನಿಮಿಷವೂ ಆಗಿರಲಿಲ್ಲ.

"ಆ ಕಾಗದ ಕೊಡಿ" ಎಂದೆ. ಅವರು ಅದನ್ನು ಆಗಲೇ ಮುದುರಿದ್ದರು. ಬಿಡಿಸಿ ಕೊಟ್ಟರು. ಹೊರಗೆ ಬಂದು, ಪಕ್ಕದ ಮುಚ್ಚಿದ ಅಂಗಡಿಯ ಕಟ್ಟೆಯ ಮೇಲೆ ಕೂತೆ. ಎಂಟು ತಿಂಗಳಲ್ಲಿ ನಾನು ಅತ್ತಿರಲಿಲ್ಲ. ನೆಂಟರು ಅದನ್ನು ಗಮನಿಸಿ, ತಮ್ಮತಮ್ಮಲ್ಲೇ ಮಾತಾಡಿಕೊಂಡೂ ಇದ್ದರು. ಆ ಕಟ್ಟೆಯ ಮೇಲೆ ಮೂರು ಬಸ್ಸು ಹೋಗುವವರೆಗೆ ಕೂತಿದ್ದೆ. ನಾಲ್ಕನೆಯದಕ್ಕೆ ಹತ್ತಿದೆ.

ಹೊಸ ರಬ್ಬರನ್ನು ನಾನೇ ಕೂರಿಸಿದೆ. ಹತ್ತು-ಹನ್ನೊಂದು ಅದಕ್ಕೆ ಸೋಪಿನ ನೀರು ಸವರಲು ಹೇಳಿದರು. "ಒತ್ತು. ಇನ್ನೂ ಒತ್ತು. ಗಂಡನ ಮನೆಗೆ ಹೊಸದಾಗಿ ಬಂದ ಸೊಸೆ ಥರ, ಮೊದಲು ಬಿಗೀತದೆ, ಆಮೇಲೆ ಅದೇ ಕೂತ್ಕೊಳ್ಳುತ್ತೆ." ಮೋಟಾರಿನ ಮೂತಿ ಒಳಗೆ ಹೋಗಿ ಟಪ್ ಎಂದಿತು. ಪೈಪಿನ ತುದಿ ಸಿಕ್ಕಿಸಿದೆ. ಮಾವ ಅಡುಗೆಮನೆಗೆ ಹೋಗಿ, ಸ್ಕ್ರೂಗಳನ್ನು ತಟ್ಟೆಗೆ ಸುರಿದು, ಜಗ್ ತೊಳೆದು ತುಂಬಿಕೊಂಡು ಬಂದರು. ಒಂದು. ಎರಡು. ಮೂವರೂ ಬಗ್ಗಿ ಕೆಳಗೆ ನೋಡುತ್ತ ಕೂತೆವು. ಒಂದು ಹನಿಯೂ ಬೀಳಲಿಲ್ಲ. ನಾನು ಒಳಗೆ ಕೂತು ಎರಡು ಮೂರು ಸಲ ಲಿವರ್ ಎಳೆದೆ, ನೀರು ಗಾಜಿನ ತುಂಬ ಚಿಮ್ಮಿತು.

"ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ, ಟ್ಯಾಂಕಿಗೊಂದು ಕಾಲ" ಎಂದು ಎದ್ದರು ಹತ್ತು-ಹನ್ನೊಂದು. ತಡಿಕೆ, ಚಕ್ರ ಎಲ್ಲ ಮತ್ತೆ ಕೂರಿಸಿ ಹೊರಡುವಾಗ ಚೀಲ ತಡಕಿ, "ಎಲ್ಲಿ ಹೋಯ್ತಯ್ಯ ನನ್ನ..." ಎಂದರು. ಮಾವ ಮಾತಾಡದೆ ಚಕ್ರದ ಪಕ್ಕದಿಂದ ಆ ಸ್ಪ್ಯಾನರ್ ಎತ್ತಿ ಕೊಟ್ಟರು. ಕೊಡುವಾಗ ಸ್ವಲ್ಪ ನಕ್ಕರು.

ನಾನು ಕೈ ತೊಳೆದುಕೊಂಡು ಹೊಲಿಗೆ ಕೋಣೆಗೆ ಹೋದೆ. ಮಾವ ಬೇಡ ಎಂದಿದ್ದರು. ಆದರೆ ಅವರ ಕೈ ತಿರುಗಿಸಿ ತಿರುಗಿಸಿ ನೋಡಿಕೊಂಡದ್ದನ್ನು ಕಂಡವಳು ನಾನು. ಎಂಟು ತಿಂಗಳು ಆ ಕಡೆಯ ಮಾತನ್ನು ಈ ಕಡೆ, ಈ ಕಡೆಯದನ್ನು ಆ ಕಡೆ ತಲುಪಿಸಿದ್ದೆ. ನನ್ನದೇ ಒಂದು ಕಾಗದ ಮಾತ್ರ ಚೀಲದಲ್ಲೇ ಉಳಿದಿತ್ತು.

"ಅತ್ತೆ, ಮಾವ ಆವತ್ತು ನೀರು ತುಂಬಿದ್ರು."

ಯಂತ್ರದ ಚಕ್ರದ ಮೇಲೆ ಅವರ ಕೈ ನಿಂತಿತು. ತಲೆ ಎತ್ತಲಿಲ್ಲ.

ಎಲ್ಲ ಹೇಳಿದೆ. ಬಿಳಿ ಗೆರೆ, ಅದರ ಮೇಲಿನ ಕೆಸರು, ಎರಡು ಜಗ್. ಗಮ್ ಹಚ್ಚಿದ್ದು ಅವನು, ಹೊಸದು ತರಬೇಕಾಗಿದ್ದವಳು ನಾನು ಎಂದೂ ಹೇಳಿದೆ. "ನಾಲ್ಕು ಸಲ ಆ ಅಂಗಡಿ ಮುಂದೆ ಇಳಿದಿದ್ದೆ ಅತ್ತೆ. ತರ್ಲಿಲ್ಲ." ಕಾಗದವನ್ನು ಯಂತ್ರದ ಹಲಗೆಯ ಮೇಲೆ, ಕಾಲರುಗಳ ಪಕ್ಕ ಇಟ್ಟೆ.

ಅವರು ಅದನ್ನು ಓದಿದರು. ಅವರ ತುಟಿ ಒಂದೊಂದೇ ಅಕ್ಷರ ಹೇಳಿತು. ಕೊನೆಯ ಪದಕ್ಕೆ ಬಂದಾಗ ಮುಖ ಒಮ್ಮೆ ಸಡಿಲವಾಯಿತು, ಮತ್ತೆ ಬಿಗಿಯಿತು.

"ನಾಲ್ಕು ಸಲ" ಎಂದರು.

"ಹೌದು."

ಕಾಗದವನ್ನು ಮಡಚಿ ಸೂಜಿಯ ಡಬ್ಬಿಯೊಳಗೆ ಇಟ್ಟು ಮುಚ್ಚಳ ಹಾಕಿದರು. ನಾನು ವಾಪಸು ಕೇಳಲಿಲ್ಲ. ಕೈಸೂಜಿಯೊಂದಕ್ಕೆ ದಾರ ಪೋಣಿಸಲು ನೋಡಿದರು. ಮೂರು ಸಲವೂ ದಾರ ತೂತಿನ ಪಕ್ಕಕ್ಕೆ ಹೋಯಿತು. ನಾನು ಕೈಚಾಚಿದೆ. ಅವರು ಸೂಜಿಯನ್ನು ಆ ಕಡೆ ತಿರುಗಿಸಿಕೊಂಡರು.

ಊಟದ ಹೊತ್ತಿಗೆ ಮಾವ ತಮ್ಮ ಜಾಗದಲ್ಲಿ ಕೂತಿದ್ದರು. ನಾನು ಇನ್ನೂ ಬಾಗಿಲಲ್ಲಿ ನಿಂತಿದ್ದೆ. ಅತ್ತೆ ಮೂರು ತಟ್ಟೆ ಇಟ್ಟರು. ಮಾವನ ಮುಖವನ್ನು ನೇರವಾಗಿ ನೋಡಿದರು. ಎಂಟು ತಿಂಗಳಲ್ಲಿ ಮೊದಲ ಸಲ.

"ರೀ, ನಿಮ್ಮ ಸೊಸೆಗೆ ಹೇಳಿ. ಊಟ ಆರ್ತಿದೆ."

ಮಾವನ ಕೈ ತಟ್ಟೆಯ ಮೇಲೇ ನಿಂತಿತು. ಆ 'ರೀ' ಅವರ ಮುಖದ ಮೇಲೆ ಏನು ಮಾಡಿತು ಎಂದು ಬರೆಯಲು ನನಗೆ ಬರುವುದಿಲ್ಲ. 'ನಿಮ್ಮ ಸೊಸೆಗೆ ಹೇಳಿ' ಎನ್ನುವುದು ತಲುಪಿದ್ದು ಒಂದು ಕ್ಷಣ ಆದಮೇಲೆ. ನನ್ನ ಕಡೆ ತಿರುಗಿದರು. ಬೇಡ ಅಂದಿದ್ದೆನಲ್ಲ ಎಂದು ಅವರ ಕಣ್ಣು ಹೇಳಿತು.

"ಕೇಳಿಸ್ತು ಅಂತ ಹೇಳಿ ಮಾವ" ಎಂದೆ.

ಹೋಗಿ ಕೂತು ಊಟ ಮಾಡಿದೆ. ಬಹಳ ದಿನಗಳ ಮೇಲೆ ಉಪ್ಪು ನಾಲಗೆಗೆ ತಿಳಿಯಿತು. ಜಾಸ್ತಿ ಇತ್ತು. ಯಾರೂ ಹೇಳಲಿಲ್ಲ.

ಭಾನುವಾರ ಸಂಜೆ ಮಾವ ಟೀ ಕುಡಿದು ಎದ್ದರು. ಬಾನೆಟ್ ಎತ್ತಿದ ಸದ್ದು ಕೇಳಿಸಿತು. ಒಳಬಂದಾಗ ಕೈಯಲ್ಲಿ ಕೆಂಪು ಜಗ್ ಇತ್ತು, ಇನ್ನೂ ಮುಕ್ಕಾಲು ನೀರು ಉಳಿದಿತ್ತು.

"ನೀರು ತುಂಬಿದ್ರಾ?" ಎಂದು ಅತ್ತೆ ಕೇಳಿದರು. ಅದೇ ಎರಡು ಪದ.

"ತುಂಬಿದೆ. ಕಾಲು ಜಗ್ ಅಷ್ಟೇ ಹಿಡೀತು" ಎಂದು ಮಾವ ಜಗ್ಗನ್ನು ಅವರ ಕಣ್ಣ ಮುಂದೆ ಹಿಡಿದು ತೋರಿಸಿದರು. ಆಮೇಲೆ ಕೀಲಿಯನ್ನು ಎಡಮೊಳೆಯಿಂದ ತೆಗೆದು ಬಲಮೊಳೆಗೆ ಹಾಕಿದರು. ಹಾಕಿ, ವಾಪಸು ಹೊರಗೆ ಹೋಗಿ, ಬಾನೆಟ್ ಎತ್ತಿ, ಮತ್ತೊಮ್ಮೆ ನೋಡಿ ಬಂದರು.

ಸೋಮವಾರ ಬೆಳಿಗ್ಗೆ ಆರಕ್ಕೆ ನಾನು ಕೀಲಿ ತೆಗೆದುಕೊಂಡೆ. ಮಾವ ನೆಲ ನೋಡಲು ಆಗಲೇ ಹೊರಗೆ ಹೋಗಿದ್ದರು. ಚಕ್ರದ ಕೆಳಗೆ ಕೈಯಾಡಿಸಿ, ಅಂಗೈ ಎತ್ತಿ ತೋರಿಸಿದರು. ಒಣಗಿತ್ತು. ಸೀಟನ್ನು ಮುಂದಕ್ಕೆ ಎಳೆದುಕೊಂಡೆ. ಅದು ಇನ್ನೂ ಅವನ ಕಾಲಿನ ಅಳತೆಯಲ್ಲೇ ಇತ್ತು. ಭಾನುವಾರಗಳಂದು ಬರೀ ಕೂರುವವಳಿಗೆ ಅದನ್ನು ಎಳೆಯಬೇಕಾಗಿ ಬಂದಿರಲಿಲ್ಲ.

ಅತ್ತೆ ಬಾಗಿಲಿಗೆ ಬಂದರು. ಕೈಯಲ್ಲಿ ನನ್ನ ಊಟದ ಡಬ್ಬಿ. ಅದನ್ನು ಮಾವನ ಕೈಗೆ ಕೊಟ್ಟರು. ಮಾವ ಕಿಟಕಿಯಿಂದ ನನಗೆ ಕೊಟ್ಟರು. ಎಂಜಿನ್ ಚಾಲು ಮಾಡಿದೆ.

"ನಿಮ್ಮ ಸೊಸೆಗೆ ಹೇಳಿ" ಎಂದರು ಅತ್ತೆ, ಗೇಟಿನ ಕಡೆ ನೋಡುತ್ತ. "ಗಾಜು ಕೊಳೆಯಾದ್ರೆ ಎಲ್ಲೂ ಇಳೀಬಾರ್ದು ಅಂತ ಹೇಳಿ."

ಮಾವ ಕಿಟಕಿಗೆ ಬಗ್ಗಿದರು. ಆದರೆ ಅವರಿಗೆ ಹೇಳಲಾಗಲಿಲ್ಲ.

"ಇಳಿಯಲ್ಲ ಅಂತ ಹೇಳಿ ಮಾವ" ಎಂದೆ.